ಮಾವ ಹೇಳಿದ ಗುಮ್ಮಟ

ನಮ್ಮ ಮನೆಯಿಂದ ಬೆನ್ನಿಗೆ ಚೀಲ ಹಾಕಿಕೊಂಡು ಮುಂಬೈಗೆ ಹೋದವರಲ್ಲಿ ನಾವಿಬ್ಬರು ಮೊದಲಿಗರಲ್ಲ. 1972ರ ಬರದಲ್ಲಿ ನಮ್ಮ ಮಾವ ಹೋಗಿದ್ದರು. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಇಂಡಿ ರೋಡ್ ಸ್ಟೇಷನ್ನಿನವರೆಗೆ ನಡಿಗೆ, ಅಲ್ಲಿಂದ ಮೀಟರ್ ಗೇಜಿನ ಸಣ್ಣ ಗಾಡಿ, ಸೋಲಾಪುರದಲ್ಲಿ ಇಳಿದು ಬ್ರಾಡ್ ಗೇಜಿನ ದೊಡ್ಡ ಗಾಡಿ. ಆಗ ಅವರಿಗೆ ಇಪ್ಪತ್ತು ವರ್ಷ. ಚೀಲವೆಂದರೆ ಬಾಯಿಗೆ ಸುತಳಿ ಕಟ್ಟಿದ ಗೋಣಿಚೀಲ. ಒಳಗೆ ಒಂದು ಕೌದಿ, ಒಂದು ಧೋತರ, ಎಂಟು ದಿನಕ್ಕಾಗುವಷ್ಟು ಕಡಕ್ ರೊಟ್ಟಿ. ಮಸ್ಜಿದ್ ಬಂದರಿನ ಗೋದಾಮುಗಳಲ್ಲಿ ಒಂಬತ್ತು ವರ್ಷ ಹಮಾಲಿ ಮಾಡಿ ಊರಿಗೆ ಬಂದರು.

ನಮ್ಮ ಭಾಗದಲ್ಲಿ ಮುಂಬೈ, ಪುಣೆ, ಗೋವಾ ಅನ್ನುವ ಹೆಸರುಗಳಿಗೆ ಇರುವ ಅರ್ಥವೇ ಅದು. "ಗೋವಾಕ್ಕ ಹೋಗ್ಯಾರ" ಅಂದರೆ ಬೇರೆ ಕಡೆಯವರಿಗೆ ಸಮುದ್ರ ನೆನಪಾಗಬಹುದು. ನಮಗೆ ನೆನಪಾಗುವುದು ಕಟ್ಟಡದ ಕೆಲಸ, ಬೀಗ ಹಾಕಿದ ಮನೆ, ಅಜ್ಜಿಯ ಹತ್ತಿರ ಬಿಟ್ಟ ಮಕ್ಕಳು. ನಾನು ವಿಜಯಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಸುಗ್ಗಿ ಮುಗಿಯಿತೆಂದರೆ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಗೈರುಹಾಜರಿ ಶುರುವಾಗುತ್ತದೆ. ಯಾಕೆಂದು ಯಾರನ್ನೂ ಕೇಳಬೇಕಾಗಿಲ್ಲ.

ಹೀಗಿರುವಾಗ ದೀಪಾವಳಿ ರಜೆಯಲ್ಲಿ ಮುಂಬೈಗೆ ಹೊರಟಿದ್ದೇವೆಂದು ಕಟ್ಟೆಯ ಮೇಲೆ ಕೂತಿದ್ದ ಮಾವನಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಕೆಲ್ಸಾ ಎಲ್ಲಿ ಹಿಡದೀರಿ?"

"ಕೆಲ್ಸಕ್ಕಲ್ರಿ ಮಾವಾರ, ಸುಮ್ನ ನೋಡಾಕ."

"ಸುಮ್ನ?" ಅವರು ಮಗನ ಮುಖ ನೋಡಿದರು.

"ಹೌದ್ ಅಪ್ಪಾ. ಬೆನ್ನಿಗಿ ಚೀಲಾ ಹಾಕ್ಕೊಂಡು ತಿರಗೂದು. ಆರ್ ದಿನ."

ಬೆನ್ನಿಗೆ ಚೀಲ ಎಂಬ ಮಾತು ಅವರಿಗೆ ಹಿಡಿಸಲಿಲ್ಲ. ಆ ಬೆನ್ನು ಈಗಲೂ ಯಾಕೆ ನೆಟ್ಟಗಾಗುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಟೇಸನ್ ಬಾಜೂಕ ನಮ್ಮ ಗುಮ್ಮಟ ಐತಿ, ನೋಡ್ಕೊಂಡ್ ಬರ್ರಿ" ಅಂದರು.

ಈ ಗುಮ್ಮಟದ ಮಾತನ್ನು ನಾನು ಮದುವೆಯಾಗಿ ಬಂದಾಗಿನಿಂದ ಕೇಳಿದ್ದೇನೆ. ಊಟಕ್ಕೆ ಕೂತಾಗ ಮುಂಬೈಯ ನೆನಪು ಬಂದರೆ ಅದೂ ಬರುತ್ತದೆ. ಬೋರಿ ಬಂದರ ಸ್ಟೇಷನ್ನಿನ ಪಕ್ಕದಲ್ಲಿ ಇಜಾಪುರದ ಗೋಳಗುಮ್ಮಟ ಇದೆ, ಅದರೊಳಗಿಂದಲೇ ತಾವು ಮನಿಯಾರ್ಡರ್ ಮಾಡುತ್ತಿದ್ದುದು ಎಂದು ಹೇಳುತ್ತಾರೆ. ಅತ್ತಿ ಮೆಲ್ಲಗೆ, "ಊರ್ ನೆನಪಾಗಿ ಎಲ್ಲಿ ನೋಡಿದ್ರೂ ಗುಮ್ಮಟಾನ ಕಾಣ್ತಿತ್ತು ಪಾಪ" ಅನ್ನುತ್ತಿದ್ದರು. ಅದನ್ನು ಯಾರೂ ಅಲ್ಲಗಳೆಯಲಿಲ್ಲ, ಯಾರೂ ನಂಬಲೂ ಇಲ್ಲ. ನಾನೂ ನಂಬಿರಲಿಲ್ಲ.

ಎರಡು ಚೀಲಗಳನ್ನು ಓಣಿಯ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ತೂಗಿದೆವು. ಒಂದೊಂದು 9 ಕಿಲೋ. ಅದರಲ್ಲಿ ಬುತ್ತಿಯ ಪಾಲೇ ದೊಡ್ಡದು. ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಒಂದು ಡಬ್ಬಿ ಶೇಂಗಾ ಹೋಳಿಗೆ. ಅಷ್ಟೊಂದು ಬೇಡವೆಂದು ಎರಡು ಸಲ ತೆಗೆದಿಟ್ಟೆ, ಎರಡು ಸಲವೂ ಅತ್ತಿ ಮತ್ತೆ ಒಳಗಿಟ್ಟರು. ಸಂಜೆ ಹತ್ತಿದ ಗಾಡಿ ಸೋಲಾಪುರ ದಾಟಿ, ಬೆಳಕು ಹರಿಯುವ ಹೊತ್ತಿಗೆ ಘಾಟು ಇಳಿದು ನಮ್ಮನ್ನು ಮುಂಬೈ ಮುಟ್ಟಿಸಿತು. ಮಾವನಂತೆ ಸೋಲಾಪುರದಲ್ಲಿ ಇಳಿದು ಗಾಡಿ ಬದಲಿಸುವುದಿರಲಿಲ್ಲ. ನಾನು ನಿದ್ದೆಯಲ್ಲಿದ್ದಾಗಲೇ ಆ ಊರು ದಾಟಿತ್ತು.

1853ರ ಏಪ್ರಿಲ್ 16ರಂದು ಬೋರಿ ಬಂದರದಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ರೈಲು ಓಡಿತು ಎಂದು ವರ್ಷಾ ವರ್ಷಾ ಪಾಠ ಮಾಡಿದವಳು ನಾನು. 34 ಕಿಲೋಮೀಟರ್ ಎಂದು ಬೋರ್ಡಿನ ಮೇಲೆ ಬರೆದವಳು. ಅದೇ ನೆಲದ ಮೇಲೆ ಕಾಲಿಟ್ಟಾಗ ಏನಾದರೂ ಅನ್ನಿಸಬೇಕಿತ್ತು. ಅನ್ನಿಸಲು ಜನ ಬಿಡಲಿಲ್ಲ. ಒಂದು ಕ್ಷಣ ನಿಂತದ್ದಕ್ಕೆ ಹಿಂದಿನಿಂದ ಬಂದವರು ನನ್ನ ಚೀಲಕ್ಕೆ ಬಡಿದು ಮುಂದೆ ಹೋದರು. ಮೊದಲ ದಿನ ಬೆಳಿಗ್ಗೆ ನಾವು ಕಣ್ಣು ನೆಟ್ಟಿದ್ದು ಮೊಬೈಲಿನ ನಕ್ಷೆಯ ನೀಲಿ ಚುಕ್ಕೆಯ ಮೇಲೆ ಮಾತ್ರ. ಸುತ್ತಲಿನ ಒಂದು ಕಟ್ಟಡವನ್ನೂ ತಲೆಯೆತ್ತಿ ನೋಡಲಿಲ್ಲ.

ಲಾಡ್ಜಿನ ಫೋಟೋದಲ್ಲಿ ಕಿಟಕಿಯಿಂದ ಸಮುದ್ರ ಕಾಣುತ್ತಿತ್ತು. ನಮಗೆ ಕೊಟ್ಟ ಕೋಣೆಯ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಪೈಪುಗಳು. ವಾದ ಮಾಡುವಷ್ಟು ತ್ರಾಣ ಇರಲಿಲ್ಲ. ಇವರು ಮಂಚದ ಮೇಲೆ ಚೀಲ ಇಳಿಸುತ್ತ, "ಇರ್ಲಿ ಬಿಡು, ಮಲಗಾಕಷ್ಟ ಬರೂದೈತಿ" ಅಂದರು. ಚಾದರ ಕೊಡಲು ಬಂದ ಹುಡುಗ ಬಾಗಿಲಲ್ಲೇ ನಿಂತುಬಿಟ್ಟ.

"ಯಾವ ಊರ್ರಿ ಅಕ್ಕಾರ?"

ಸಿಂದಗಿ ಕಡೆಯ ಹುಡುಗ. ನಾಲ್ಕು ವರ್ಷದಿಂದ ಇಲ್ಲಿದ್ದಾನೆ. ಹತ್ತನೆಯ ತರಗತಿ ಅರ್ಧಕ್ಕೆ ಬಿಟ್ಟಿದ್ದಾನೆ. ನನ್ನ ಹಾಜರಿ ಪುಸ್ತಕದಲ್ಲಿ ಖಾಲಿ ಬಿದ್ದ ಹೆಸರೊಂದು ಎದುರಿಗೆ ಬಂದು ನಿಂತಂತಾಯಿತು. ಏನು ಕೆಲಸಕ್ಕೆ ಬಂದಿರಿ ಎಂದು ಅವನೂ ಕೇಳಿದ. ಸುಮ್ಮನೆ ತಿರುಗಾಡಲು ಎಂದು ಹೇಳುವಾಗ ನನ್ನ ದನಿ ತಗ್ಗಿತು. ಸಮುದ್ರಕ್ಕೆ ಹೇಗೆ ಹೋಗಬೇಕೆಂದು ಕೇಳಿದೆ. ಬಸ್ಸಿನ ನಂಬರು, ಇಳಿಯುವ ಜಾಗ, ಎಲ್ಲ ಹೇಳಿದ. ನೀನು ಆಗಾಗ ಹೋಗುತ್ತೀಯಾ ಅಂದೆ. "ಎರಡ ಸಲಾ ಹೋಗೀನ್ರಿ" ಅಂದ. ನಾಲ್ಕು ವರ್ಷದಲ್ಲಿ ಎರಡು ಸಲ. ನಾನು ಡಬ್ಬಿ ತೆಗೆದು ಆರು ರೊಟ್ಟಿ, ಹಿಂಡಿ ಕೊಟ್ಟೆ. ಅವನು ಮೊದಲು ರೊಟ್ಟಿ ಮೂಸಿ ನೋಡಿದ. ಆ ಬುತ್ತಿಯ ಭಾರ ನನ್ನ ಬೆನ್ನಿಗೆ ಯಾಕೆ ಬೇಕಿತ್ತೆಂದು ಆಗ ಗೊತ್ತಾಯಿತು.

ಆ ಸಂಜೆ ಮರೈನ್ ಡ್ರೈವ್‌ಗೆ ಹೋದೆವು. ಇಬ್ಬರಿಗೂ ಅದೇ ಮೊದಲ ಸಮುದ್ರ. ನಮ್ಮ ಜಿಲ್ಲೆಯಲ್ಲಿ ನಾವು ಸಾಗರವೆಂದು ಕರೆಯುವುದು ಆಲಮಟ್ಟಿಯ ಹಿನ್ನೀರನ್ನು. ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಅಣೆಕಟ್ಟು, ಅವರದೇ ಹೆಸರಿನ ಸಾಗರ. ಮಳೆಗಾಲದಲ್ಲಿ ಕೃಷ್ಣೆ ತುಂಬಿದಾಗ ಅಲ್ಲಿಯೂ ಆಚೆ ದಂಡೆ ಮಸುಕಾಗುತ್ತದೆ, ಆದರೆ ಕಣ್ಣು ಅದನ್ನು ಹುಡುಕುತ್ತಲೇ ಇರುತ್ತದೆ. ಇಲ್ಲಿ ಕೂತು ಸುಮಾರು ಹೊತ್ತಾದ ಮೇಲೆ, ನಾನು ಆಚೆ ದಂಡೆ ಹುಡುಕುವುದನ್ನು ಬಿಟ್ಟಿದ್ದೇನೆಂದು ತಿಳಿಯಿತು. ಇವರು ಚಪ್ಪಲಿ ತೆಗೆದು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಮದುವೆಯಾಗಿ ಆರು ವರ್ಷದಲ್ಲಿ ಅವರು ಅಂಗಡಿಯ ಚಿಂತೆಯಿಲ್ಲದೆ ಒಂದು ತಾಸು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅವತ್ತೇ.

ಸಮುದ್ರ ಇದ್ದಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಉಬ್ಬರ ಇಳಿತದ ಚಿತ್ರ ಬರೆದು ಕಲಿಸುವವಳಿಗೂ ಹಾಗನ್ನಿಸಿತ್ತು ಎಂದರೆ, ಕಣ್ಣಾರೆ ಕಾಣುವ ತನಕ ಓದಿದ್ದು ಮೈಗೆ ಹತ್ತುವುದಿಲ್ಲ ಅಂತಲೇ. ಮರುದಿನ ಹಾಜಿ ಅಲಿ ದರ್ಗಾಕ್ಕೆ ಹೋದೆವು. ದಂಡೆಯಿಂದ ದರ್ಗಾದವರೆಗೆ ಸಮುದ್ರದ ನಡುವೆ ಕಾಲುದಾರಿ. ನಾವು ಹೋದಾಗ ನೀರು ಕೆಳಗಿತ್ತು, ಎರಡೂ ಬದಿಗೆ ಕರಿ ಬಂಡೆಗಳು ಬತ್ತಲೆ ಬಿದ್ದಿದ್ದವು. ಉಬ್ಬರ ಜೋರಾದಾಗ ಆ ದಾರಿಯೇ ಮುಳುಗುತ್ತದೆ, ಇಳಿಯುವ ತನಕ ಕಾಯಬೇಕು. ಒಂದು ಉಬ್ಬರದಿಂದ ಇನ್ನೊಂದು ಉಬ್ಬರಕ್ಕೆ 12 ಗಂಟೆ 25 ನಿಮಿಷ. ಈ ಅಂಕಿಯನ್ನು ಇನ್ನು ಮೇಲೆ ತರಗತಿಯಲ್ಲಿ ಹೇಳುವಾಗ ಆ ಒದ್ದೆ ಬಂಡೆಗಳ ವಾಸನೆ ನನಗೆ ಬರುತ್ತದೆ.

ಮೂರನೆಯ ದಿನ ಮಸ್ಜಿದ್ ಬಂದರಿಗೆ ಹೋದೆವು. ನೋಡುವ ಜಾಗಗಳ ಪಟ್ಟಿಯಲ್ಲಿ ಅದು ಎಲ್ಲಿಯೂ ಇರಲಿಲ್ಲ, ಇವರೇ ಹೋಗೋಣವೆಂದರು. ಮಾವ ಬೋರಿ ಬಂದರ ಅನ್ನುವ ಸ್ಟೇಷನ್ನಿಗೆ ಈಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಚಿಕ್ಕದಾಗಿ ಸಿಎಸ್‌ಎಂಟಿ, ಎಂದು ಹೆಸರು. ಸಿಎಸ್‌ಎಂಟಿಯಿಂದ ಲೋಕಲ್‌ನಲ್ಲಿ ಒಂದೇ ಸ್ಟೇಷನ್, ಟಿಕೆಟ್ ಐದು ರೂಪಾಯಿ. ಆ ದಿನ ಲಾಡ್ಜು ಬದಲಿಸುವುದಿತ್ತು, ಹಾಗಾಗಿ ಚೀಲಗಳು ಬೆನ್ನ ಮೇಲೇ ಇದ್ದವು. ಇಕ್ಕಟ್ಟಾದ ಗಲ್ಲಿಗಳು. ಎರಡೂ ಕಡೆ ಒಣಹಣ್ಣು, ಮಸಾಲೆ, ಕಬ್ಬಿಣ, ಹಗ್ಗದ ಸಗಟು ಅಂಗಡಿಗಳು. ನಡುವೆ ಆಳೆತ್ತರ ಹೇರಿದ ಕೈಗಾಡಿಗಳು. ಹಿಂದಿನಿಂದ "ಬಾಜೂ! ಬಾಜೂ!" ಎಂಬ ಕೂಗು ಬಂದಾಗ ಜನ ಗೋಡೆಗೆ ಅಂಟಿಕೊಂಡು ದಾರಿ ಬಿಡುತ್ತಾರೆ. ನಾನೂ ಅಂಟಿಕೊಂಡೆ, ಆದರೆ ಬೆನ್ನ ಮೇಲಿನ ಚೀಲ ಗೋಡೆಗೆ ತಾಗಿ ನಾನು ದಾರಿಯ ನಡುವೆಯೇ ಉಳಿದೆ. ತಲೆಯ ಮೇಲೆ ಮೂಟೆ ಹೊತ್ತು ಬರುತ್ತಿದ್ದವರೊಬ್ಬರು ನಿಲ್ಲಬೇಕಾಯಿತು. ಅಷ್ಟು ಭಾರ ಹೊತ್ತವರಿಗೆ ನಿಲ್ಲುವುದು ನಡೆಯುವುದಕ್ಕಿಂತ ಕಷ್ಟ. ಅವರ ಕುತ್ತಿಗೆಯ ನರಗಳು ಕಾಣುತ್ತಿದ್ದವು. ಅವರು ಏನೂ ಅನ್ನದೆ ಕಣ್ಣಿನಲ್ಲೇ ನನಗೆ ದಾರಿ ತೋರಿಸಿದರು. ನಾನು ಚೀಲ ಬಿಚ್ಚಿ ಎದೆಗೆ ಹಾಕಿಕೊಂಡೆ.

ತಲೆಹೊರೆಯವರಿಗೆ ಅಲ್ಲಿ ಮಾಥಾಡಿ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ 1969ರಲ್ಲೇ ಅವರಿಗಾಗಿ, ಹಮಾಲರಿಗಾಗಿ ಕಾನೂನು ಬಂತು. ಮಾವ ಕಾನೂನಿನ ಸುದ್ದಿ ಯಾವತ್ತೂ ಹೇಳಿಲ್ಲ. ಅವರು ಹೇಳುವುದು ನೂರು ಕಿಲೋ ಚೀಲದ ಸುದ್ದಿ. ಹೊರುವಾಗ ಅದನ್ನು ಬೆನ್ನಿನ ಯಾವ ಜಾಗಕ್ಕೆ ಕೂಡಿಸಿಕೊಳ್ಳಬೇಕು, ಇಳಿಸುವಾಗ ಯಾವ ಮೊಣಕಾಲು ಮೊದಲು ಬಾಗಬೇಕು ಎಂಬುದು. ಇವರು ಒಂದು ಗೋದಾಮಿನ ಮುಂದೆ ಬಹಳ ಹೊತ್ತು ನಿಂತರು. ಇದೇ ಗೋದಾಮೋ ಇನ್ನೊಂದೋ, ಯಾರಿಗೆ ಗೊತ್ತು? "ಅಪ್ಪ ನನ್ನನ್ನ ಒಂದಿನಾನೂ ಚೀಲಾ ಎತ್ತಾಕ ಬಿಡಲಿಲ್ಲ ನೋಡು. ಹೊಲದಾಗೂ ಬಿಡಲಿಲ್ಲ" ಅಂದರು. ಅಷ್ಟೇ. ನಾನೂ ಏನೂ ಕೇಳಲಿಲ್ಲ.

ಅಲ್ಲಿಂದ ಸಿಎಸ್‌ಎಂಟಿ ಕಡೆಗೆ ನಡೆದುಕೊಂಡೇ ಬಂದೆವು. ಸ್ಟೇಷನ್ನಿನ ಹತ್ತಿರ ಬಂದಾಗ ಇವರು ನನ್ನ ತೋಳು ಹಿಡಿದು ನಿಲ್ಲಿಸಿದರು.

"ಏ, ಮ್ಯಾಲ ನೋಡಿಲ್ಲೆ."

ಕರಿ ಕಲ್ಲಿನ ದೊಡ್ಡ ಕಟ್ಟಡ, ಅದರ ನೆತ್ತಿಯ ಮೇಲೆ ಗುಮ್ಮಟ. ಗೋಳಗುಮ್ಮಟದಷ್ಟು ದೊಡ್ಡದಲ್ಲ, ಅಷ್ಟು ಬಿಡುವಾದ ಅಂಗಳವೂ ಇಲ್ಲ, ಬಸ್ಸು ಟ್ಯಾಕ್ಸಿಗಳ ನಡುವೆ ಒತ್ತರಿಸಿಕೊಂಡು ನಿಂತಿದೆ. ಆದರೆ ದಿನಾ ಶಾಲೆಗೆ ಹೋಗುವ ದಾರಿಯಲ್ಲಿ ಗೋಳಗುಮ್ಮಟ ನೋಡುವ ಕಣ್ಣಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಮುಂಬೈಯ ಜನರಲ್ ಪೋಸ್ಟ್ ಆಫೀಸು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿ ಬಿಜಾಪುರದ ಗೋಳಗುಮ್ಮಟದ ಮಾದರಿಯಲ್ಲೇ ಇದನ್ನು ರೂಪಿಸಿದ, 1904ರಲ್ಲಿ ಶುರುವಾದ ಕೆಲಸ 1913ರಲ್ಲಿ ಮುಗಿಯಿತು. ಇದನ್ನೆಲ್ಲ ಅಲ್ಲಿಯೇ ಮೆಟ್ಟಿಲ ಹತ್ತಿರ ನಿಂತು ಮೊಬೈಲಿನಲ್ಲಿ ಓದಿದೆ. ಓದುತ್ತ ನನ್ನ ಕೈ ನಡುಗಿದ್ದು ನಿಜ. ಐವತ್ತು ವರ್ಷದಿಂದ ಒಬ್ಬ ಮನುಷ್ಯ ಮನೆಯಲ್ಲಿ ಒಂದು ನಿಜ ಹೇಳುತ್ತಲೇ ಬಂದಿದ್ದಾರೆ. ಇತಿಹಾಸ ಕಲಿಸುವ ಸೊಸೆಯೂ ಅದನ್ನು ಒಮ್ಮೆ ಹುಡುಕಿ ನೋಡಲಿಲ್ಲ. ಓದು ಬರಹ ಬಾರದವರ ಮಾತನ್ನು ಕಥೆ ಎಂದುಕೊಳ್ಳುವುದು ನಮಗೆ ಎಷ್ಟು ಸಲೀಸು!

ಒಳಗೆ ಹೋದೆವು. ಎತ್ತರದ ಹಾಲ್, ಸುತ್ತ ಕೌಂಟರುಗಳು. ಗೋಳಗುಮ್ಮಟದಲ್ಲಿ ಮೂಲೆಯ ಮಿನಾರಿನ ಏಳು ಅಂತಸ್ತು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದರೆ ಮಕ್ಕಳ ಕೂಗಾಟಕ್ಕೆ ಕಿವಿ ತುಂಬುತ್ತದೆ. ಇಲ್ಲಿ ಕೇಳಿಸಿದ್ದು ಮುದ್ರೆ ಒತ್ತುವ ಸಪ್ಪಳ ಮಾತ್ರ. ಮಾವನ ಕಾಲದಲ್ಲಿ ಹೊರಗೆ ಕಾಗದ ಬರೆದುಕೊಡುವವರು ಸಾಲಾಗಿ ಕೂಡುತ್ತಿದ್ದರು. ಅವರ ಹತ್ತಿರ ಫಾರಂ ತುಂಬಿಸಿ, ತಿಂಗಳಿಗೊಮ್ಮೆ ಮಾವ ಇಲ್ಲಿ ಹಣ ಕಟ್ಟುತ್ತಿದ್ದರು. ಫಾರಂನ ತುದಿಗೆ ನಾಲ್ಕು ಮಾತು ಬರೆಯಲು ಸಣ್ಣ ಜಾಗ ಇರುತ್ತಿತ್ತು. ಏನು ಬರೆಸುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ. "ಆರಾಮ ಅದೀನಿ ಅಂತ" ಅಂದಿದ್ದರು. ಹಣ ಊರಲ್ಲಿ ಮುಟ್ಟಿದ ಮೇಲೆ ಅವರ ಅವ್ವ ಹೆಬ್ಬೆಟ್ಟು ಒತ್ತಿದ ಚೀಟಿ ತಿರುಗಿ ಮುಂಬೈಗೆ ಬರುತ್ತಿತ್ತು. "ಹೆಬ್ಬಟ್ಟ್ ಬಂತಂದ್ರ ಅವ್ವ ಅದಾಳ ಅಂತ ತಿಳಕೊಳ್ಳೂದು" ಎಂದೂ ಹೇಳಿದ್ದರು. ಆ ಮಾತು ನನಗೆ ನೆನಪಿಗೆ ಬಂದದ್ದು ಆ ಗುಮ್ಮಟದ ಕೆಳಗೆ.

ಒಂದು ಪೋಸ್ಟ್ ಕಾರ್ಡು ತೆಗೆದುಕೊಂಡೆವು. ಇನ್ನೂ ಐವತ್ತು ಪೈಸೆಯೇ. ಏನು ಬರೆಯಬೇಕೆಂದು ಇಬ್ಬರಿಗೂ ತೋಚಲಿಲ್ಲ. ಕೊನೆಗೆ ನಾನೇ ಬರೆದೆ: "ಮಾವಾರ, ಗುಮ್ಮಟ ನೋಡಿದೆವು. ಆರಾಮ ಇದ್ದೇವೆ." ಇವರು ಕೆಳಗೆ ಸಹಿ ಹಾಕಿದರು.

ಆಮೇಲಿನ ದಿನಗಳಲ್ಲಿ ನೋಡಿದ್ದೆಲ್ಲ ಈ ಕಣ್ಣಿನಿಂದಲೇ. ಒಂದು ಕಾಲಕ್ಕೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ ಎನಿಸಿಕೊಂಡಿದ್ದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ನಡುಮನೆಯಲ್ಲಿ ತಲೆಯೆತ್ತಿದರೆ, ಗೋಳಗುಮ್ಮಟವನ್ನು ಒಳಗಿನಿಂದ ಹೊತ್ತ ಕಮಾನುಗಳದೇ ಹೆಣಿಗೆ. ಒಂದರ ಮೇಲೊಂದು ಓರೆಯಾಗಿಟ್ಟ ಎರಡು ಚೌಕಗಳಂತೆ ಕಮಾನುಗಳು ಒಂದನ್ನೊಂದು ದಾಟುತ್ತವೆ. ಅದನ್ನು ಕಟ್ಟಿದ ಜಾರ್ಜ್ ವಿಟೆಟ್ ಎಂಬುವನೇ 1924ರಲ್ಲಿ ಮುಗಿದ ಗೇಟ್‌ವೇ ಆಫ್ ಇಂಡಿಯಾದ ನಕ್ಷೆ ಮಾಡಿದವನು. ಗೋಳಗುಮ್ಮಟ ಕಟ್ಟಿದವನು ದಾಬೂಲಿನ ಯಾಕೂತ್ ಎನ್ನುತ್ತಾರೆ. ದಾಬೂಲು ಕೊಂಕಣದ ಹಳೆಯ ಬಂದರು. ಕಡಲ ದಂಡೆಯವನೊಬ್ಬ ನಮ್ಮ ಒಣ ನೆಲಕ್ಕೆ ಬಂದು ಗುಮ್ಮಟ ಎತ್ತಿದ. ಅದು 1656. ಎರಡೂವರೆ ಶತಮಾನದ ಮೇಲೆ ಆ ಗುಮ್ಮಟ ಕಡಲ ದಂಡೆಗೆ ಬಂತು. ಮುಂಬೈಯ ದ್ವೀಪಗಳು ಪೋರ್ಚುಗೀಸರಿಂದ ಇಂಗ್ಲೆಂಡಿನ ರಾಜನಿಗೆ ಮದುವೆಯ ಬಳುವಳಿಯಾಗಿ ಹೋದದ್ದು 1661ರಲ್ಲಿ. ಆಗ ನಮ್ಮ ಗುಮ್ಮಟಕ್ಕೆ ಐದು ವರ್ಷ. ಊರಲ್ಲಿ ದಿನಾ ಕಂಡರೂ ಪ್ರವಾಸಿಗರು ಬಂದಾಗ ಮಾತ್ರ ಅದನ್ನು ನಿಂತು ನೋಡುತ್ತಿದ್ದ ನಾನು, ಅದರ ವಯಸ್ಸನ್ನು ಲೆಕ್ಕ ಹಾಕುತ್ತ ನಿಂತದ್ದು ಮುಂಬೈಯ ಫುಟ್‌ಪಾತಿನಲ್ಲಿ.

ಮಾಟುಂಗಾಕ್ಕೆ ಹೋದದ್ದು ಉಡುಪಿ ಊಟಕ್ಕೆ. ಫಾಸ್ಟ್ ಗಾಡಿ ಅಲ್ಲಿ ನಿಲ್ಲುವುದಿಲ್ಲ ಎಂದು ತಿಳಿಯದೆ ಹತ್ತಿಬಿಟ್ಟೆವು. ನಾನು ಹೆಂಗಸರ ಡಬ್ಬಿಯಲ್ಲಿ, ಇವರು ಬೇರೆ ಡಬ್ಬಿಯಲ್ಲಿ. ದಾದರ್ ಆಯಿತು, ಮಾಟುಂಗಾದ ಫಲಕ ಕಣ್ಣೆದುರೇ ಹಾರಿಹೋಯಿತು. ಗಾಬರಿಯಾದ ನನ್ನನ್ನು ನೋಡಿ ಪಕ್ಕದಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ಕುರ್ಲಾದಲ್ಲಿ ಇಳಿದು ಸ್ಲೋ ಗಾಡಿ ಹಿಡಿ ಎಂದು ಮರಾಠಿಯಲ್ಲಿ ತಿಳಿಸಿ ಹೇಳಿದರು. ಕುರ್ಲಾ ಬಂದಾಗ ಜನರ ನಡುವೆ ನನ್ನನ್ನು ಬಾಗಿಲವರೆಗೆ ದಾಟಿಸಿದ್ದೂ ಅವರೇ. ಸೋಲಾಪುರದ ನೆಂಟರಿಂದ ಕಲಿತ ಮರಾಠಿ ಆವತ್ತು ನನ್ನ ಕೈಹಿಡಿಯಿತು. ಬಾಳೆಎಲೆಯ ಊಟ ರುಚಿಯಾಗಿತ್ತು, ಆದರೆ ನನ್ನ ನೆನಪಿನಲ್ಲಿ ಉಳಿದಿರುವುದು ಆ ಸೊಪ್ಪಿನ ಹಸಿ ವಾಸನೆ.

ಕೊನೆಯ ದಿನ ಗೇಟ್‌ವೇಯಿಂದ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋದೆವು. ಅಲ್ಲಿಯವರು ಅದನ್ನು ಘಾರಾಪುರಿ ಅನ್ನುತ್ತಾರೆ. ಒಂದು ತಾಸಿನ ನೀರದಾರಿ. ದೋಣಿ ತೂಗಿದಂತೆಲ್ಲ ಇವರು ನನ್ನ ಕೈ ಬಿಡಲಿಲ್ಲ. ಗುಹೆಯ ಒಳಗೋಡೆಯಲ್ಲಿ ಮೂರು ಮುಖದ ಸದಾಶಿವ, ಎತ್ತರ ಸುಮಾರು 20 ಅಡಿ. ಮಕ್ಕಳನ್ನು ಕರೆದುಕೊಂಡು ಬಾದಾಮಿಯ ಮೇಣಬಸದಿಗೆ ಎಷ್ಟೋ ಸಲ ಹೋಗಿದ್ದೇನೆ. ಅಲ್ಲಿನ ಕೆಂಪು ಮರಳುಗಲ್ಲಿನ ಶಿವ ಕುಣಿಯುತ್ತಾನೆ. ಈ ಕರಿಕಲ್ಲಿನ ಶಿವ ಕಣ್ಣು ಮುಚ್ಚಿ ಕೂತಿದ್ದಾನೆ. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿ 634ರಲ್ಲಿ ಕೆತ್ತಿಸಿದ ಶಾಸನದಲ್ಲಿ ಇಮ್ಮಡಿ ಪುಲಿಕೇಶಿ ನೂರಾರು ಹಡಗುಗಳೊಡನೆ ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ಪುರಿಯನ್ನು ಮುತ್ತಿದ ಎಂದಿದೆ. ಆ ಪುರಿ ಈ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ನಮ್ಮ ಮಲಪ್ರಭೆಯ ದಂಡೆಯವರು ಹಡಗೇರಿ ಬಂದ ಸಮುದ್ರ ಇದೇ ಇರಬಹುದು ಎಂದು ಇವರಿಗೆ ಹೇಳಿದೆ. ಅವರು ಕೇಳಿಸಿಕೊಂಡು, "ನಮ್ಮೂರವ್ರು ಮದ್ಲಿಂದನೂ ಈ ಕಡೆ ಬರ್ತಾನ ಅದಾರ ಅನ್ನು" ಅಂದರು.

ಹೊರಡುವ ಮುಂಚೆ ಮೊದಲ ಲಾಡ್ಜಿಗೆ ಹೋಗಿ ಸಿಂದಗಿ ಹುಡುಗನಿಗೆ ಉಳಿದಿದ್ದ ಹೋಳಿಗೆ ಕೊಟ್ಟೆವು. ಊರಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದೆ. ಇಲ್ಲ ಅಂದ, ಮೊಬೈಲ್ ಇದೆಯಲ್ಲ.

ನಾವು ಊರು ಮುಟ್ಟಿದ ಮೂರನೆಯ ದಿನಕ್ಕೆ ಕಾರ್ಡು ಬಂತು. ಅಷ್ಟರೊಳಗೆ ಫೋನಿನಲ್ಲಿ ಫೋಟೋ ತೋರಿಸಿದ್ದೆವು, ಮಾವ ಕಣ್ಣಗಲಿಸಿ ನೋಡಿ ಸುಮ್ಮನಾಗಿದ್ದರು. ಕಾರ್ಡು ಬಂದಾಗ ಮಾತ್ರ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ನಾನು ಓದಿ ಹೇಳಿದೆ. ಅವರು ಅಂಚೆ ಮುದ್ರೆಯ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೇಳಿದರು.

"ಯಾವ ಖಿಡಕ್ಯಾಗ ಕೊಟ್ರಿ?"

ಇವರು ನನ್ನ ಸೀಸದ ಕಡ್ಡಿ ತೆಗೆದುಕೊಂಡು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಆ ಹಾಲ್ ಬರೆದು ತೋರಿಸಿದರು. ಇಲ್ಲಿ ಬಾಗಿಲು, ಇಲ್ಲಿ ಕೌಂಟರುಗಳು, ಇಲ್ಲಿ ನಾವು ನಿಂತಿದ್ದೆವು. ಮಾವ ಬಗ್ಗಿ ನೋಡಿದರು.

"ಮನಿಯಾರ್ಡರ್ ಖಿಡಕಿ ಇಲ್ಲಿದ್ದಿಲ್ಲ" ಎಂದು ಮಗನ ಕೈಯಿಂದ ಸೀಸದ ಕಡ್ಡಿ ತೆಗೆದುಕೊಂಡರು.